ಕಿನಿಕ್ ಕ್ರೀಡಾಂಗಣಕ್ಕೆ ಧೈರ್ಯವಾಗಿ ಹೋಗಿ

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ ತಂಡದ ಬೆಂಬಲಿಗರಾದ ನೀವು ಮಕ್ಕಳನ್ನು ಕರೆದುಕೊಂಡು, ಎದುರಾಳಿ ಅಯೋವಾ ತಂಡದ ಊರಾದ ಅಯೋವಾ ಸಿಟಿಯ ಕಿನಿಕ್ ಕ್ರೀಡಾಂಗಣಕ್ಕೆ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ನೋಡಲು ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ, ನಮ್ಮ ತಂಡದ ಮರೂನ್ ಅಂಗಿಯನ್ನೇ ತೊಟ್ಟು ಹೋಗಿ. ನಾನು ಕಂಡ ಎದುರಾಳಿ ಅಂಗಳಗಳಲ್ಲಿ ಕಿನಿಕ್ ನನಗೆ ಅತಿ ಪ್ರಿಯ.

ಕಾಲೆಳೆಯುವವರು ಇದ್ದೇ ಇರುತ್ತಾರೆ. 1935ರಲ್ಲಿ ಮಿನೆಸೋಟ, ಅಯೋವಾ ಎರಡೂ ರಾಜ್ಯಗಳ ಗವರ್ನರ್‌ಗಳು ಈ ತಂಡಗಳ ಪಂದ್ಯಕ್ಕೆ ಹಂದಿಯೊಂದನ್ನು ಪಣಕ್ಕಿಟ್ಟರು. ಇಂದಿಗೂ ಸೆಣಸಾಟ ಕಂಚಿನ ಹಂದಿಯ ಟ್ರೋಫಿಗಾಗಿಯೇ! ಆದರೆ ಕ್ರೀಡಾಂಗಣದ ಬಳಿಯ ಮೆಲ್ರೋಸ್ ಅವೆನ್ಯೂ ಬೀದಿಯಲ್ಲಿ ಪಂದ್ಯಕ್ಕೆ ಮುನ್ನ ಒಲೆ ಹೂಡಿದ ಅಯೋವಾ ಅಭಿಮಾನಿಗಳು ಛೇಡಿಸುತ್ತಲೇ ತಟ್ಟೆ ಚಾಚುತ್ತಾರೆ. ಮಾಂಸ ತಿನ್ನುವುದಿಲ್ಲ ಎಂದಾಗ ಒಬ್ಬ ಹಿರಿಯರು ಕೆಂಡದ ಮೇಲಿನ ಮುಸುಕಿನ ಜೋಳಕ್ಕೆ ಬೆಣ್ಣೆ ಸವರಿ ನನ್ನ ಕೈಗಿತ್ತರು.

ಮೊದಲ ಕ್ವಾರ್ಟರ್ (ಪಂದ್ಯದ ಕಾಲುಭಾಗ) ಮುಗಿದಾಗ ಮಾತ್ರ ತಿಂಡಿಗೆಂದು ಎದ್ದು ಹೋಗಬೇಡಿ. ಕ್ರೀಡಾಂಗಣದ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆಯಿದೆ. ಮೇಲಂತಸ್ತಿನ ಕಿಟಕಿಗಳಿಗೆ ಮುಖವೊತ್ತಿ ಪುಟ್ಟ ರೋಗಿಗಳು ನಿಂತಿರುತ್ತಾರೆ. ಸುಮಾರು 69 ಸಾವಿರ ಜನ, ಎರಡೂ ತಂಡಗಳ ಆಟಗಾರರು, ರೆಫರಿಗಳು ಸಹ ಅತ್ತ ತಿರುಗಿ ಕೈಬೀಸುತ್ತಾರೆ. 2017ರಲ್ಲಿ ಶುರುವಾದ ಈ ವಾಡಿಕೆಗೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ಮಕ್ಕಳಿಗೆ ಮೊದಲೇ ತಿಳಿಸಿರಿ, ಅವರೂ ಮನಸಾರೆ ಕೈಬೀಸಲಿ.

ಅಂದಹಾಗೆ, ಪಾರದರ್ಶಕ ಚೀಲವನ್ನೇ ಒಯ್ಯಿರಿ; ಬೇರೆ ದೊಡ್ಡ ಚೀಲಗಳನ್ನು ಗೇಟಿನಲ್ಲೇ ತಡೆಯುತ್ತಾರೆ.