ಯಂತ್ರಗಳಿಲ್ಲದೆ ಮನೆಯಲ್ಲೇ ಮರದ ವೆನೀರ್ ಹಚ್ಚುವುದನ್ನು ಎಲ್ಲಿಂದ ಆರಂಭಿಸಬೇಕು?

ರಾಯಚೂರಿನಲ್ಲಿದ್ದೀರಿ, ಯಂತ್ರಗಳಿಲ್ಲ, ಬಡಿಗತನದ ಅನುಭವವೂ ಇಲ್ಲ. ಹೀಗಿರುವಾಗ ಮನೆಯಲ್ಲೇ ವೆನೀರ್ (ಹಲಗೆಯ ಮೇಲೆ ಅಂಟಿಸುವ ಮರದ ತೆಳು ಹಾಳೆ) ಹಚ್ಚುವುದನ್ನು ಕಲಿಯಬಹುದೇ, ಕಲಿಯುವುದಾದರೆ ಮೊದಲು ಏನು ಕೊಳ್ಳಬೇಕು ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು. ನಾನು ಕೊಪ್ಪಳದಲ್ಲಿ ಬಿಡುವಿನ ವೇಳೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ನಿಮ್ಮ ಊರಿನ ಬಿಸಿಲಿಗೂ ನಮ್ಮ ಊರಿನ ಬಿಸಿಲಿಗೂ ಹೆಚ್ಚಿನ ವ್ಯತ್ಯಾಸವಿಲ್ಲದ ಕಾರಣ, ಈ ಒಣಹವೆಯನ್ನು ಗಮನದಲ್ಲಿಟ್ಟುಕೊಂಡೇ ಉತ್ತರಿಸುತ್ತಿದ್ದೇನೆ.

ಪ್ಲೈವುಡ್ ಅಂಗಡಿಯಲ್ಲಿ ವೆನೀರ್ ಎಂದು ಕೇಳಿದರೆ ಸಾಮಾನ್ಯವಾಗಿ ಎಂಟಡಿ ಉದ್ದ, ನಾಲ್ಕಡಿ ಅಗಲದ, ಸುಮಾರು 4 ಮಿ.ಮೀ. ದಪ್ಪದ ಶೀಟನ್ನು ತೋರಿಸುತ್ತಾರೆ. ಅದು ತೆಳು ಪ್ಲೈ ಮೇಲೆ ಕಾರ್ಖಾನೆಯಲ್ಲೇ ವೆನೀರ್ ಅಂಟಿಸಿ ಬಂದಿರುವಂಥದ್ದು. ನೀವು ಕಲಿಯಬೇಕಾಗಿರುವುದು ಸುಮಾರು ಅರ್ಧ ಮಿ.ಮೀ. ದಪ್ಪದ ಬಿಡಿ ಹಾಳೆಯ ಕೆಲಸವನ್ನು. ಮೊದಲಿಗೆ ಎಳೆ, ಅಂದರೆ ಮರದ ನಾರಿನ ಗೆರೆಗಳು, ನೇರವಾಗಿರುವ ಸಾಗುವಾನಿ ಹಾಳೆಯ ತುಂಡುಗಳು ಸಾಕು. ಗಂಟು, ಸುಳಿಗಳಿರುವ ಹಾಳೆಗಳು ನೋಡಲು ಎಷ್ಟೇ ಚೆಂದವಾಗಿದ್ದರೂ ಸುಕ್ಕಾಗುತ್ತವೆ, ಸೀಳುತ್ತವೆ; ಅವು ಸದ್ಯಕ್ಕೆ ಬೇಡ. ತಳಹಲಗೆಗೆ 12 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ತಯಾರಿಸಿದ ಹಲಗೆ) ತುಂಡನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿಕೊಳ್ಳಿ. ಎಂಡಿಎಫ್‌ಗೆ ಎಳೆಯ ದಿಕ್ಕೆಂಬುದಿಲ್ಲ. ಪ್ಲೈವುಡ್ ಬಳಸುವುದಾದರೆ ಅದರ ಮೇಲ್ಪದರದ ಎಳೆಗೆ ಅಡ್ಡವಾಗಿಯೇ ವೆನೀರಿನ ಎಳೆ ಬರಬೇಕು. ಎರಡೂ ಒಂದೇ ದಿಕ್ಕಿಗೆ ಬಂದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಹೊಸಬರು ತಮ್ಮ ಗಮನವನ್ನೆಲ್ಲ ಹಲಗೆಯ ಮುಖಕ್ಕೇ ಕೊಡುತ್ತಾರೆ. ಆದರೆ ಹಲಗೆಯನ್ನು ನೇರವಾಗಿ ಉಳಿಸುವುದು ಅದರ ಬೆನ್ನು. ಅಂಟಿನಲ್ಲಿರುವ ನೀರನ್ನು ಹೀರಿದ ಹಾಳೆ ಮೊದಲು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಹಲಗೆಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದೇ ಬದಿಗೆ ಅಂಟಿಸಿದ ತೆಳು ಹಲಗೆ ಹೀಗಾಗಿಯೇ ಬಾಗುತ್ತದೆ. ಹಿಂಬದಿಗೂ ಅದೇ ದಪ್ಪದ ಹಾಳೆಯನ್ನು, ಅದೇ ಎಳೆಯ ದಿಕ್ಕಿನಲ್ಲಿ, ಸಾಧ್ಯವಾದರೆ ಅದೇ ಹೊತ್ತಿಗೆ ಅಂಟಿಸಿದರೆ ಎರಡೂ ಕಡೆಯ ಎಳೆತ ಸರಿಹೋಗುತ್ತದೆ. ಹಿಂಬದಿಗೆ ಅಗ್ಗದ ಹಾಳೆ ಸಾಕು, ಆದರೆ ಅದನ್ನು ಬಿಡುವಂತಿಲ್ಲ. ನಮ್ಮ ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಬಳಿಯುವ ಮೊದಲು ಮರದ ಹೊಟ್ಟು, ಹುಣಸೆಬೀಜದ ಅಂಟು ಮೊದಲಾದವುಗಳ ಲೇಪ ಹಚ್ಚಿ ಮೈಯನ್ನು ಹದಗೊಳಿಸುತ್ತಾರೆ. ಕಣ್ಣಿಗೆ ಬೀಳದ ಪದರಕ್ಕೆ ಅವರು ಕೊಡುವ ಶ್ರದ್ಧೆಯೇ ಈ ಕೆಲಸಕ್ಕೂ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಟಿನ ವಿಷಯದಲ್ಲಿ ನನ್ನ ಸಲಹೆ, ಫೆವಿಕಾಲ್ ಎಸ್‌ಎಚ್‌ನಂಥ ಬಿಳಿ ಅಂಟು. ಸನ್ಮೈಕಾ ಅಂಟಿಸುವ ರಬ್ಬರ್ ಅಂಟು ತಕ್ಷಣ ಹಿಡಿಯುತ್ತದೆ ಎಂಬುದು ನಿಜ. ಆದರೆ ಮುಂದೆ ಪಾಲಿಶ್ ಹಚ್ಚುವಾಗ ಅದರ ಥಿನ್ನರ್ ಅಷ್ಟು ತೆಳ್ಳನೆಯ ಹಾಳೆಯ ರಂಧ್ರಗಳಿಂದ ಒಳಗಿಳಿದು ಆ ಅಂಟನ್ನು ಮೆದುಗೊಳಿಸಿ, ಅಲ್ಲಲ್ಲಿ ಗುಳ್ಳೆ ಏಳುವಂತೆ ಮಾಡಬಹುದು. ಬಿಳಿ ಅಂಟನ್ನು ತಳಹಲಗೆಗೆ ಮಾತ್ರ, ಸಣ್ಣ ರೋಲರ್‌ನಿಂದ ತೆಳುವಾಗಿ, ಎಲ್ಲೂ ಬಿಟ್ಟುಹೋಗದಂತೆ ಹಚ್ಚಿ. ಹಾಳೆಗೆ ಹಚ್ಚಿದರೆ ಒಂದೇ ಬದಿ ಒದ್ದೆಯಾಗಿ ಅದು ಕ್ಷಣದಲ್ಲೇ ಸುರುಳಿ ಸುತ್ತಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟಿದ ಮಧ್ಯಾಹ್ನ ಈ ಕೆಲಸಕ್ಕೆ ಕೈಹಾಕಬೇಡಿ. ಹಾಳೆಯನ್ನು ಇಡುವಷ್ಟರಲ್ಲಿ ಅಂಟಿನ ಮೇಲೆ ಕೆನೆ ಕಟ್ಟಿರುತ್ತದೆ. ಬೆಳಗಿನ ತಂಪು ಹೊತ್ತು, ಫ್ಯಾನ್ ಆರಿಸಿದ ಕೋಣೆ ಸೂಕ್ತ. ಹಾಳೆ ಮತ್ತು ಹಲಗೆ ಎರಡನ್ನೂ ಕೆಲವು ದಿನ ಮುಂಚಿತವಾಗಿ ಅದೇ ಕೋಣೆಯಲ್ಲಿಟ್ಟರೆ ಅವು ಅಲ್ಲಿನ ಹವೆಗೆ ಹೊಂದಿಕೊಳ್ಳುತ್ತವೆ.

ಒತ್ತಡ ಎಷ್ಟು ಬೇಕೆಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಅಡಿ ಚೌಕದ ಹಲಗೆಯ ವಿಸ್ತೀರ್ಣ ಸುಮಾರು 929 ಚದರ ಸೆಂ.ಮೀ. ಅದರ ಮೇಲೆ 20 ಕಿಲೋ ತೂಕದ ಗ್ರಾನೈಟ್ ತುಂಡನ್ನು ಇಟ್ಟರೂ ಪ್ರತಿ ಚದರ ಸೆಂ.ಮೀ.ಗೆ ಬೀಳುವ ಭಾರ ಸುಮಾರು 22 ಗ್ರಾಂ ಮಾತ್ರ. ಆದ್ದರಿಂದ ಕಲ್ಲು ಹೇರುವ ಬದಲು ನಾಲ್ಕೈದು ಸಿ-ಕ್ಲ್ಯಾಂಪ್ (ತಿರುಪಿನಿಂದ ಬಿಗಿಯುವ ಕಬ್ಬಿಣದ ಹಿಡಿಕೆ) ಕೊಳ್ಳಿ. ನಿಮ್ಮ ಮೊದಲ ಖರ್ಚು ಅದೇ ಆಗಿರಲಿ. ವೆನೀರಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 18 ಮಿ.ಮೀ. ಪ್ಲೈ ತುಂಡು, ಕೆಳಗೂ ಹಾಗೆಯೇ ಇಟ್ಟು, ಅಡ್ಡಲಾಗಿ ಗಟ್ಟಿ ರೀಪುಗಳನ್ನು ಕೊಟ್ಟು ನಡುವಿನಿಂದ ಅಂಚಿನ ಕಡೆಗೆ ಬಿಗಿಯುತ್ತ ಬನ್ನಿ. ನಡುವೆ ಮೊದಲು ಒತ್ತಿದರೆ ಹೆಚ್ಚಿನ ಅಂಟು, ಗಾಳಿ ಎರಡೂ ಹೊರಕ್ಕೆ ಸರಿಯುತ್ತವೆ. ರಾತ್ರಿಯಿಡೀ ಹಾಗೆಯೇ ಬಿಡಿ.

ಕ್ಲ್ಯಾಂಪ್ ಇಲ್ಲದವರಿಗೆ ಇಸ್ತ್ರಿ ಪೆಟ್ಟಿಗೆಯ ದಾರಿಯೊಂದಿದೆ: ಇಲ್ಲಿ ಮಾತ್ರ ಅಂಟುವ ಎರಡೂ ಮೈಗೆ, ಅಂದರೆ ಹಲಗೆಗೂ ಹಾಳೆಗೂ, ಬಿಳಿ ಅಂಟು ಹಚ್ಚಿ, ಅದು ಒಣಗಿ ಪಾರದರ್ಶಕವಾದ ಮೇಲೆ ಜೋಡಿಸಿ, ಮೇಲೆ ಕಾಗದವಿಟ್ಟು ಉಗಿಯಿಲ್ಲದ ಇಸ್ತ್ರಿಯಿಂದ ಒತ್ತಿ, ಹಿಂದೆಯೇ ಮರದ ತುಂಡಿನಿಂದ ಅದುಮುತ್ತ ಹೋಗಬೇಕು. ಒಂದೇ ಹಾಳೆಯ ಕೆಲಸಕ್ಕೆ ಇದು ಸರಿ. ಹಾಳೆಗೆ ಹಾಳೆ ಜೋಡಿಸಿದ ಕಡೆ ಮಾತ್ರ ಬಿಸಿಗೆ ಮರ ಕುಗ್ಗಿ ಸಂದು ಬಿಡುತ್ತದೆ.

ಅಂಚಿನಲ್ಲಿ ಒಂದು ಸೆಂ.ಮೀ.ನಷ್ಟು ಹೆಚ್ಚುವರಿ ಬಿಟ್ಟಿದ್ದರೆ, ಹಲಗೆಯನ್ನು ಬೋರಲು ಹಾಕಿ ಹೊಸ ಕಟರ್ ಬ್ಲೇಡಿನಿಂದ ಎರಡು ಮೂರು ಹಗುರ ಗೀಟುಗಳಲ್ಲಿ ಕತ್ತರಿಸಿ. ಆಮೇಲೆ ಉಗುರಿನಿಂದ ಮೈಯೆಲ್ಲ ಮೆಲ್ಲಗೆ ತಟ್ಟುತ್ತ ಬನ್ನಿ. ಅಂಟು ಹಿಡಿಯದ ಕಡೆ ಟೊಳ್ಳು ಸದ್ದು ಕೇಳಿಸುತ್ತದೆ. ಅಲ್ಲಿ ಎಳೆಯ ಉದ್ದಕ್ಕೆ ಸಣ್ಣದಾಗಿ ಸೀಳಿ, ಸಿರಿಂಜಿನಿಂದ ಅಂಟು ಇಳಿಸಿ, ಮತ್ತೆ ಒತ್ತಿಡಿ. ಉಜ್ಜುವುದನ್ನು 180ರ ಸ್ಯಾಂಡ್‌ಪೇಪರ್‌ನಿಂದ ಆರಂಭಿಸಿ 240ಕ್ಕೆ ನಿಲ್ಲಿಸಿ. ಎಳೆಯ ದಿಕ್ಕಿನಲ್ಲಿ, ಕೈಯಿಂದಲೇ ಉಜ್ಜಿ; ಇಲ್ಲದಿದ್ದರೆ ಅರ್ಧ ಮಿ.ಮೀ. ಹಾಳೆಯ ಮೂಲೆಗಳು ಬಹುಬೇಗ ಸವೆದು ಕೆಳಗಿನ ಎಂಡಿಎಫ್ ಕಾಣಿಸುತ್ತದೆ. ಸೀಲರ್ (ಪಾಲಿಶ್‌ಗೂ ಮೊದಲು ಮರದ ರಂಧ್ರ ಮುಚ್ಚುವ ಲೇಪ), ಪಾಲಿಶ್‌ಗಳನ್ನೂ ಎರಡೂ ಬದಿಗೆ ಹಚ್ಚಿ. ಒಂದು ಬದಿ ಬರಿದಾಗಿ ಉಳಿದರೆ ಮಳೆಗಾಲದ ತೇವವನ್ನು ಅದೊಂದೇ ಹೀರಿಕೊಂಡು ಹಲಗೆ ಮತ್ತೆ ಬಾಗಬಹುದು.