ವಕೀಲರ ಫೀಸ್ ಬರಹದಲ್ಲಿ ಇಲ್ಲದಿದ್ದರೆ ಅವರು ಕೇಳಿದಷ್ಟು ಕೊಡಲೇಬೇಕಾ? ಕನ್ಸ್ಯೂಮರ್ ಕೋರ್ಟಿಗೆ ಹೋಗಬಹುದಾ?

ನಮಗೂ ಹೀಗೇ ಆಗಿತ್ತು. ಅಪ್ಪನ ಆಕ್ಸಿಡೆಂಟ್ ಪರಿಹಾರದ ಕೇಸು, ಹಾಸನದಲ್ಲಿ. ವಕಾಲತ್ತಿಗೆ ಸಹಿ ಹಾಕುವಾಗ ಫೀಸ್ ಕೇಳಿದರೆ "ಮೊದಲು ಕೇಸ್ ಆಗಲಿ, ಆಮೇಲೆ ನೋಡೋಣ" ಅಂದರು. ಆರ್ಡರ್ ಆದ ಮೇಲೆ ಪರಿಹಾರದಲ್ಲಿ ಶೇ. 20 ಕೊಡಿ, ಇಲ್ಲದಿದ್ದರೆ ಫೈಲ್ ಕೊಡುವುದಿಲ್ಲ ಅಂತ ಕೂತರು.

ನಾನು ಕೆಟ್ಟಿದ್ದು ಒಪ್ಪಂದ ಇಲ್ಲದ್ದಕ್ಕಲ್ಲ, ರಸೀದಿ ಇಲ್ಲದ್ದಕ್ಕೆ. ವಾಯಿದೆಗೆ ಹೋದಾಗಲೆಲ್ಲ ಗುಮಾಸ್ತರು ಕೋರ್ಟ್ ಗೇಟಿನ ಹತ್ತಿರ ಪಕ್ಕಕ್ಕೆ ಕರೆದು ಟೈಪಿಂಗಿಗೆ, ಡಾಕ್ಟರ್ ಸಾಕ್ಷಿಗೆ, ಸರ್ಟಿಫೈಡ್ ಕಾಪಿಗೆ ಅಂತ ಕೇಳುವರು. ನಾನು ಎಣಿಸಿ ಕೈಗೆ ಕೊಡುತ್ತಿದ್ದೆ. ಫೋನ್‌ಪೇ ಮಾಡ್ಲಾ ಅಂದರೆ "ಬೇಡ, ಕ್ಯಾಶೇ ಕೊಡಿ" ಅನ್ನುವರು. ಮನೆಗೆ ಬಂದು ಡೈರಿಯಲ್ಲಾದರೂ ಬರೆದುಕೊಳ್ಳಬಹುದಿತ್ತು, ತಾರೀಕು ಹಾಕಿ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದ್ದರೂ ಸಾಕಿತ್ತು, ಅದನ್ನೂ ಮಾಡಲಿಲ್ಲ. ಕೊನೆಗೆ ಲೆಕ್ಕಕ್ಕೆ ಕೂತಾಗ ಅಷ್ಟೂ ದುಡ್ಡು "ಅದು ಖರ್ಚು, ಫೀಸ್ ಅಲ್ಲ" ಅನ್ನುವ ಒಂದೇ ಮಾತಿನಲ್ಲಿ ಹೋಯಿತು.

ಬರಹ ಇಲ್ಲ, ಹಾಗಾಗಿ ಏನೂ ಕೊಡಬೇಕಿಲ್ಲ ಅಂತ ನೀವು ಅಂದುಕೊಂಡಿದ್ದರೆ ಅದನ್ನು ಬಿಡಿ. ಕೆಲಸ ಮಾಡಿದವರಿಗೆ ನ್ಯಾಯವಾದ ಫೀಸ್ ಕೊಡಲೇಬೇಕು. ಆದರೆ ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದನ್ನು ವಕೀಲರ ನಡತೆಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳೇ ಒಪ್ಪುವುದಿಲ್ಲ. ತೆಲಂಗಾಣದ ಹೆಂಗಸೊಬ್ಬರ ಮೇಲೆ ವಕೀಲರು ಇಂಥದ್ದೇ ಫೀಸಿಗಾಗಿ ಚೆಕ್ ಬೌನ್ಸ್ ಕೇಸ್ ಹಾಕಿದ್ದರು. ಅದೂ ಆಕ್ಸಿಡೆಂಟ್ ಪರಿಹಾರದ್ದೇ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಚೆಕ್ ಬೌನ್ಸ್ ಕೇಸನ್ನೇ ರದ್ದು ಮಾಡಿತು. ಫೀಸ್ ಬಾಕಿ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ 2000ದಲ್ಲೇ, ಆರ್.ಡಿ. ಸಕ್ಸೇನಾ ಕೇಸಿನಲ್ಲಿ, ಅದೇ ಕೋರ್ಟ್ ಹೇಳಿದೆ. ನಮ್ಮ ಹೊಸ ವಕೀಲರು ಆ ತೀರ್ಪಿನ ಹೆಸರು ಹಾಕಿ ಪತ್ರ ಬರೆದ ಮೇಲೆಯೇ ಫೈಲ್ ಕೈಗೆ ಬಂದಿದ್ದು. ಶೇಕಡಾ ಲೆಕ್ಕವೂ ಅಲ್ಲಿಗೇ ನಿಂತಿತು. ಹಾಸನದ ಕೋರ್ಟಿನಲ್ಲಿ ಬೇರೆ ವಕೀಲರು ಇಂಥ ಕೇಸಿಗೆ ತೆಗೆದುಕೊಳ್ಳುವಷ್ಟು ಫೀಸ್ ಚೆಕ್‌ನಲ್ಲಿ ಕೊಟ್ಟೆ. ಗೇಟಿನ ಹತ್ತಿರ ಕೊಟ್ಟಿದ್ದು ಮಾತ್ರ ವಾಪಸ್ ಬರಲಿಲ್ಲ.

ಕನ್ಸ್ಯೂಮರ್ ಕೋರ್ಟ್ ದಾರಿ ಈಗ ಇಲ್ಲ. ವಕೀಲರ ಸೇವೆ ಗ್ರಾಹಕರ ರಕ್ಷಣಾ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಾಗಿದೆ. ವಕೀಲರ ನಡತೆಯ ಬಗ್ಗೆ ದೂರು ಇದ್ದರೆ ಅಡ್ವೊಕೇಟ್ಸ್ ಆಕ್ಟ್ 35ನೇ ಸೆಕ್ಷನ್ ಪ್ರಕಾರ ರಾಜ್ಯ ಬಾರ್ ಕೌನ್ಸಿಲ್‌ಗೆ ಕೊಡಬಹುದು. ಆದರೆ ಅಲ್ಲಿಂದ ಶುರು ಮಾಡಬೇಡಿ. ಫೋನಲ್ಲಿ ಜಗಳವೂ ಬೇಡ. ಸುಮ್ನೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ, ಲೆಕ್ಕದ ಕಾಪಿ ಕೇಳಿ. ಯಾವ ಕೆಲಸಕ್ಕೆ ಎಷ್ಟು, ನಿಮ್ಮಿಂದ ಬಂದಿದ್ದು ಎಷ್ಟು, ಖರ್ಚಾಗಿದ್ದು ಎಷ್ಟು. ನೀವು ಕೇಳಿದರೆ ಅವರು ಅದನ್ನು ಕೊಡಲೇಬೇಕು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ.