ಪಂಚಾಯತ್ ಸದಸ್ಯರು ತಮ್ಮದೇ ಪಂಚಾಯತಿನ ಗುತ್ತಿಗೆ ಹಿಡಿಯಬಹುದೇ?

ಹಿಡಿಯುವಂತಿಲ್ಲ. ಮಂಜೇಶ್ವರವಾಗಲಿ ಬದಿಯಡ್ಕವಾಗಲಿ, ಕಾಸರಗೋಡಿನ ಪಂಚಾಯತ್‌ಗಳಿಗೆ ಅನ್ವಯಿಸುವುದು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ; ಪಂಚಾಯತಿನ ಚಾಲ್ತಿ ಗುತ್ತಿಗೆಯಲ್ಲಿ ಹಿತಾಸಕ್ತಿ ಪಡೆದ ಸದಸ್ಯರು ಅದರ 35ನೇ ಕಲಮಿನಂತೆ ಅನರ್ಹರಾಗುತ್ತಾರೆ, ವಿವಾದವೆದ್ದರೆ ತೀರ್ಮಾನಿಸುವುದು ರಾಜ್ಯ ಚುನಾವಣಾ ಆಯೋಗ. ರಸ್ತೆಗೆ ಹಣ ಮಂಜೂರು ಮಾಡುವವರೇ ಅದರ ಬಿಲ್ಲು ಪಡೆಯುವವರೂ ಆದರೆ, ಡಾಮರು ತೆಳುವಾಗಿದೆಯೆಂದು ಸಭೆಯಲ್ಲಿ ಹೇಳಬೇಕಾದವರೇ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದೇ ಇದರ ಹಿಂದಿನ ಕಾರಣ. ಕರಾರು ಭಾವಮೈದುನನ ಹೆಸರಿನಲ್ಲಿದ್ದು ಲಾಭ ಸದಸ್ಯರಿಗೆ ಸೇರುತ್ತಿದ್ದರೂ ಪ್ರಶ್ನೆ ಏಳಬಹುದು; ಆದರೆ ಬರಿಯ ನೆಂಟಸ್ತಿಕೆ ಸಾಲದು, ಲಾಭದ ನಂಟನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ನಿಯಮಗಳನ್ನು ಮರುಪರಿಶೀಲಿಸುವುದಾದರೆ, ನನ್ನ ಅಭಿಪ್ರಾಯದಲ್ಲಿ, ಮೊದಲು ಕೈಹಾಕಬೇಕಾದ್ದು ಇಲ್ಲಿಗೇ: ಸದಸ್ಯರ ಕುಟುಂಬದ ವ್ಯವಹಾರಗಳ ವಿವರ ಕನ್ನಡದಲ್ಲಿಯೂ ಸಿಗಬೇಕು, ಏಕೆಂದರೆ ಮಲಯಾಳದ ಕಡತ ಓದಲಾರದ ಮತದಾರರು ನಮ್ಮ ಗಡಿಭಾಗದಲ್ಲಿ ಕಡಿಮೆಯೇನಿಲ್ಲ.